ಎದೆಗವಚಿ ಸಾಕಿದ ಕಥೆ: ಮುಟ್ಟುವುದಕ್ಕೂ ಒಂದು ಚರಿತ್ರೆ ಇದೆ

ಹುಣಸೂರು ತಾಲೂಕಿನ ಒಂದು ಊರಿನಲ್ಲಿ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ನಿಂತಿದ್ದೆವು. ಎಲೆ ಮುರಿಯುವ ಕಾಲ. ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಪಕ್ಕದ ಮರದ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿತ್ತು. ಅದರೊಳಗೆ ಮೂರು ತಿಂಗಳ ಕೂಸು. ಇದ್ದಕ್ಕಿದ್ದಂತೆ ಅಳಲು ಶುರು ಮಾಡಿತು.

ಅಜ್ಜಿಯೊಬ್ಬರು ಎದ್ದರು. ನೇರ ಹೋಗಿ ಮಗು ಎತ್ತಿಕೊಳ್ಳಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಸೋಪು ಹಾಕಿ ಮೊಣಕೈವರೆಗೂ ಉಜ್ಜಿ ತೊಳೆದರು. ಎಲೆಯ ಅಂಟು ಮೆತ್ತಿದ್ದ ಮೇಲಿನ ಅಂಗಿ ಬಿಚ್ಚಿಟ್ಟು, ಒಗೆದ ಟವೆಲ್ ಹೊದ್ದು ಬಂದು ಕೂಸನ್ನು ಎತ್ತಿ ಎದೆಗವಚಿಕೊಂಡರು. ಎರಡು ನಿಮಿಷಕ್ಕೆ ಅಳು ನಿಂತಿತು.

'ಹಸಿವಾಗಿತ್ತಾ ಅಜ್ಜಿ?' ಅಂದೆವು.

'ಹಸ್ವಲ್ಲ ಕಣ್ ಮಗ. ಈಗ್ತಾನೆ ಅವ್ಳು ಹಾಲು ಕೊಟ್ಟವ್ಳೆ. ಮೈ ಬೇಕಾಗಿತ್ತು ಅದ್ಕೆ' ಅಂದರು.

ಮೈ ಬೇಕಾಗಿತ್ತು. ನಮ್ಮ ಅಜ್ಜಿಯರಿಗೆ ಇದು ಹೇಳಿಕೊಡಬೇಕಾದ ಮಾತೇ ಅಲ್ಲ. ಆದರೆ ಪ್ರಪಂಚದ ದೊಡ್ಡ ದೊಡ್ಡ ಆಸ್ಪತ್ರೆಗಳಿಗೆ ಈ ಒಂದು ಮಾತು ಒಪ್ಪಿಕೊಳ್ಳಲು ಸುಮಾರು ನೂರು ವರ್ಷ ಹಿಡಿಯಿತು. ನಡುವೆ ಸಾವಿರಾರು ಕೂಸುಗಳು ಪ್ರಾಣ ತೆತ್ತವು. ಆ ಕಥೆಯನ್ನು ಇವತ್ತು ಹೇಳುತ್ತೇವೆ. ಅದರ ಜೊತೆಗೆ, ಮೈ ಮುಟ್ಟಿ ಸಾಕುವುದನ್ನು ಇಷ್ಟು ಚೆನ್ನಾಗಿ ಬಲ್ಲ ನಮ್ಮದೇ ಊರುಗಳು ಕೆಲವರನ್ನು ಮುಟ್ಟದೇ ಇಟ್ಟ ಕಥೆಯನ್ನೂ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚರಿತ್ರೆ ಅರ್ಧ ಆಗುತ್ತದೆ.

ಬಾಣಂತನದ ಮನೆ

ನಮ್ಮ ಕಡೆ ಬಾಣಂತನ ಅಂದರೆ ಏನು? ಹೆಣ್ಣು ತವರಿಗೆ ಬರುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಇರುತ್ತಾಳೆ. ಬೆಚ್ಚಗಿನ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ದಿನ ಬೆಳಗಾದರೆ ಕೂಸಿಗೆ ಎಣ್ಣೆ ನೀರು. ಅಜ್ಜಿ ಕಾಲು ನೀಡಿ ಕೂತು, ಆ ಕಾಲಿನ ಮೇಲೆ ಕೂಸನ್ನು ಮಲಗಿಸಿ, ಅಂಗೈಗೆ ಎಣ್ಣೆ ಹಾಕಿಕೊಂಡು ಎದೆ, ಹೊಟ್ಟೆ, ಕೈಕಾಲು, ಬೆನ್ನು ಎಲ್ಲವನ್ನೂ ನೀವುತ್ತಾರೆ. ಬಿಸಿನೀರು ಹುಯ್ಯುತ್ತಾರೆ. ಆಮೇಲೆ ಸಾಂಬ್ರಾಣಿ ಹೊಗೆ, ಬಿಗಿಯಾಗಿ ಸುತ್ತಿದ ಬಟ್ಟೆ, ಎರಡು ಮೂರು ತಾಸು ನಿದ್ದೆ.

ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ ತಾಯಂದಿರು ಕೂಸನ್ನು ಬಟ್ಟೆಯಲ್ಲಿ ಮೈಗೆ ಕಟ್ಟಿಕೊಂಡೇ ಸೌದೆ, ಸೊಪ್ಪು, ಗೆಡ್ಡೆಗೆ ಹೋಗುತ್ತಿದ್ದರು. ಕೃಷ್ಣರಾಜನಗರದ ಗದ್ದೆ ಬಯಲಲ್ಲಿ ನಾಟಿ ಹಾಕುವ ಹೆಂಗಸರು ಬದುವಿನ ಮೇಲೆ ಜೋಲಿ ಕಟ್ಟಿ, ಅತ್ತಾಗ ಬಂದು ಎತ್ತಿಕೊಳ್ಳುತ್ತಿದ್ದರು. ಪಿರಿಯಾಪಟ್ಟಣದ ಕಡೆ ಕೇಳಿದರೂ ಇದೇ ಕಥೆ. ಮಗು ನೆಲ ಮುಟ್ಟಿದ್ದಕ್ಕಿಂತ ಮೈ ಮುಟ್ಟಿಕೊಂಡು ಇದ್ದದ್ದೇ ಹೆಚ್ಚು. ಅಮ್ಮನ ಸೊಂಟ, ಅಜ್ಜಿಯ ಮಡಿಲು, ಅಕ್ಕನ ಕಂಕುಳು, ಅಪ್ಪನ ಹೆಗಲು.

ಇದನ್ನೆಲ್ಲ ಯಾರೂ ವಿಜ್ಞಾನ ಎಂದು ಕರೆದಿರಲಿಲ್ಲ. ಇದು ಬದುಕುವ ರೀತಿ ಆಗಿತ್ತು.

ಹಾಗಂತ ಹಳೆಯದೆಲ್ಲ ಬಂಗಾರ ಅಂತ ನಾವು ಹೇಳುವುದಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಕೂಸಿನ ಮೂಗಿಗೆ ಊದುವುದು, ಕಾಯಿಲೆ ಬಂದರೆ ಬರೆ ಹಾಕುವುದು, ಇವೂ ಅದೇ ಮನೆಗಳಲ್ಲಿ ಇದ್ದವು. ಇವು ಅಪಾಯ. ಹೆರಿಗೆಯಲ್ಲಿ ತಾಯಿ ಸಾಯುವುದು, ಹೊಕ್ಕುಳ ನಂಜಾಗಿ ಕೂಸು ಸಾಯುವುದು ಮಾಮೂಲಿ ಆಗಿತ್ತು. ಆಸ್ಪತ್ರೆ ಬೇಕಾಗಿಯೇ ಬಂತು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನದವರು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಮ್ಮ ಪಕ್ಕದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರು ಮಾಡಿದರು. ಮೈಸೂರಿನ ಚೆಲುವಾಂಬ ಆಸ್ಪತ್ರೆ ಇವತ್ತಿಗೂ ನಮ್ಮ ನಾಲ್ಕೂ ತಾಲೂಕಿನ ಕಷ್ಟದ ಹೆರಿಗೆಗಳಿಗೆ ದಿಕ್ಕು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಜೊತೆ ಸೇರಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಕೋಟೆ ತಾಲೂಕಿನ ಹಾಡಿಗಳಿಗೆ ಬಂತು, ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ಮಾಡಿತು. ಇವರೆಲ್ಲ ಉಳಿಸಿದ ಜೀವಗಳು ಬೇಕಾದಷ್ಟು.

ಆದರೆ ಆಸ್ಪತ್ರೆ ಎನ್ನುವ ಏರ್ಪಾಟು ಹುಟ್ಟಿದ ದೇಶಗಳಲ್ಲೇ ಒಂದು ತಪ್ಪು ಆಗಿಹೋಗಿತ್ತು. ಅದನ್ನು ನೋಡೋಣ.

ಗಾಜಿನ ಪೆಟ್ಟಿಗೆ

1880ರ ಹೊತ್ತಿಗೆ ಪ್ಯಾರಿಸ್ ನಗರದಲ್ಲಿ ಸ್ಟೆಫಾನ್ ತಾರ್ನಿಯೆ ಎಂಬ ಹೆರಿಗೆ ಡಾಕ್ಟರು ದಿನ ತುಂಬದ ಕೂಸುಗಳಿಗೆ ಬೆಚ್ಚಗಿನ ಪೆಟ್ಟಿಗೆ ಮಾಡಿಸಿದರು. ಅದೇ ಇನ್‌ಕ್ಯುಬೇಟರ್. ಮೊದಲು ಸಾಯುತ್ತಿದ್ದ ಕೂಸುಗಳು ಬದುಕತೊಡಗಿದವು. ಇದು ದೊಡ್ಡ ಸಾಧನೆ, ಅನುಮಾನ ಇಲ್ಲ.

ಆದರೆ ತಾರ್ನಿಯೆ ಅವರ ಶಿಷ್ಯ ಪಿಯರ್ ಬುದಾಂ ಇನ್ನೊಂದು ವಿಷಯ ಗಮನಿಸಿದರು. ಕೂಸನ್ನು ಪೆಟ್ಟಿಗೆಯಲ್ಲಿಟ್ಟು ತಾಯಿಯನ್ನು ದೂರ ಇಟ್ಟರೆ, ಸ್ವಲ್ಪ ದಿನಕ್ಕೆ ತಾಯಿಗೆ ಆ ಕೂಸಿನ ಮೇಲಿನ ಅಂಟೇ ಕಡಿಮೆಯಾಗುತ್ತದೆ ಎಂದು ಅವರು ಬರೆದರು. ಆ ಎಚ್ಚರಿಕೆಯನ್ನು ಹೆಚ್ಚು ಜನ ಕೇಳಿಸಿಕೊಳ್ಳಲಿಲ್ಲ. ಅಮೆರಿಕದಲ್ಲಿ ಮಾರ್ಟಿನ್ ಕೂನಿ ಎಂಬಾತ ಇಂಥ ಪೆಟ್ಟಿಗೆಗಳಲ್ಲಿ ಕೂಸುಗಳನ್ನಿಟ್ಟು ಜಾತ್ರೆಯಂಥ ಜಾಗದಲ್ಲಿ ಟಿಕೆಟ್ ಇಟ್ಟು ತೋರಿಸುತ್ತಿದ್ದ. ಆ ದುಡ್ಡಿನಲ್ಲೇ ಅವುಗಳ ಆರೈಕೆ ನಡೆಯುತ್ತಿತ್ತು. 1903ರಿಂದ 1943ರವರೆಗೆ ಕೋನಿ ಐಲ್ಯಾಂಡ್ ಎಂಬಲ್ಲಿ ಇದು ನಡೆಯಿತು. ನಂಬುವುದು ಕಷ್ಟ, ಆದರೆ ಎಷ್ಟೋ ಮಕ್ಕಳು ಹಾಗೆ ಬದುಕಿದ್ದು ನಿಜ.

ಆಗಿನ ಡಾಕ್ಟರುಗಳ ದೊಡ್ಡ ಹೆದರಿಕೆ ಸೋಂಕು. ಮುಟ್ಟಿದರೆ ರೋಗಾಣು ಹೋಗುತ್ತದೆ ಎಂಬುದು ಹೊಸದಾಗಿ ಗೊತ್ತಾಗಿದ್ದ ಕಾಲ. ಹಾಗಾಗಿ ಎಷ್ಟು ಕಡಿಮೆ ಮುಟ್ಟುತ್ತೇವೋ ಅಷ್ಟು ಒಳ್ಳೆಯದು ಎಂದು ತೀರ್ಮಾನ ಮಾಡಿದರು. ಹೆದರಿಕೆ ಸರಿಯಾದದ್ದೇ. ತೀರ್ಮಾನ ಅರ್ಧ ತಪ್ಪು.

ಮುದ್ದು ಮಾಡಬೇಡಿ ಎಂದ ಕಾಲ

ಆಮೇಲೆ ಮನಸ್ಸಿನ ತಜ್ಞರೂ ಸೇರಿಕೊಂಡರು. 1928ರಲ್ಲಿ ಜಾನ್ ವಾಟ್ಸನ್ ಎಂಬ ಅಮೆರಿಕದ ಹೆಸರಾಂತ ಮನಃಶಾಸ್ತ್ರಜ್ಞ ಮಕ್ಕಳನ್ನು ಸಾಕುವ ಬಗ್ಗೆ ಒಂದು ಪುಸ್ತಕ ಬರೆದ. ಮಕ್ಕಳನ್ನು ತಬ್ಬಿಕೊಳ್ಳಬೇಡಿ, ಮುತ್ತಿಡಬೇಡಿ, ಮಡಿಲಲ್ಲಿ ಕೂರಿಸಿಕೊಳ್ಳಬೇಡಿ, ಬೇಕಾದರೆ ಬೆಳಿಗ್ಗೆ ಕೈ ಕುಲುಕಿ ಎನ್ನುವುದು ಅವನ ಸಲಹೆ. ಮುದ್ದು ಮಾಡಿದರೆ ಮಕ್ಕಳು ಹಾಳಾಗುತ್ತಾರೆ ಎಂದು ನಂಬಿದ್ದ. ಓದಿದ ತಾಯಂದಿರು ಅದನ್ನು ನಂಬಿದರು.

ಇದರ ಫಲ ಏನು ಎಂದು ಗೊತ್ತಾದದ್ದು ಅನಾಥಾಲಯಗಳಲ್ಲಿ. ರೆನೆ ಸ್ಪಿಟ್ಜ್ ಎಂಬ ವೈದ್ಯರು 1940ರ ದಶಕದಲ್ಲಿ ಎರಡು ಜಾಗಗಳನ್ನು ಹೋಲಿಸಿ ನೋಡಿದರು. ಒಂದು, ಅನಾಥ ಕೂಸುಗಳ ಆಶ್ರಮ. ಚೊಕ್ಕಟವಾಗಿತ್ತು. ಊಟ, ಔಷಧಿ, ಡಾಕ್ಟರು ಎಲ್ಲ ಇತ್ತು. ಆದರೆ ಎಂಟು ಕೂಸಿಗೆ ಒಬ್ಬಳು ದಾದಿ. ತೊಟ್ಟಿಲ ಸುತ್ತ ಬಿಳಿ ಬಟ್ಟೆ ಇಳಿಬಿಟ್ಟಿದ್ದರು, ಕೂಸಿಗೆ ಮೇಲಿನ ಸೂರು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಎತ್ತಿಕೊಳ್ಳುವವರು ಇಲ್ಲ. ಇನ್ನೊಂದು, ಹೆಂಗಸರ ಜೈಲು. ಅಲ್ಲಿ ಕೈದಿ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು.

ಜೈಲಿನ ಮಕ್ಕಳು ಆಡಿಕೊಂಡು ಬೆಳೆದವು. ಚೊಕ್ಕಟದ ಆಶ್ರಮದಲ್ಲಿ 91 ಮಕ್ಕಳ ಪೈಕಿ 34 ಮಕ್ಕಳು ಎರಡು ವರ್ಷದೊಳಗೆ ತೀರಿಕೊಂಡವು. ಉಳಿದವುಗಳಲ್ಲೂ ಬಹಳಷ್ಟು ನಡೆಯಲು, ಮಾತಾಡಲು, ತಾವೇ ಉಣ್ಣಲು ಕಲಿತಿರಲಿಲ್ಲ.

ಇದನ್ನು ಓದಿದಾಗ ನಮಗೆ ಆ ಬ್ಯಾರನ್ ಅಜ್ಜಿಯ ಮಾತು ನೆನಪಾಯಿತು. ಹಾಲು ಸಿಕ್ಕಿತ್ತು. ಮೈ ಸಿಕ್ಕಿರಲಿಲ್ಲ.

ಇಂಗ್ಲೆಂಡಿನಲ್ಲಿ ಆಗ ಮಗು ಆಸ್ಪತ್ರೆ ಸೇರಿದರೆ ಅಪ್ಪ ಅಮ್ಮ ವಾರಕ್ಕೆ ಸ್ವಲ್ಪ ಹೊತ್ತು ಬಂದು ನೋಡಿ ಹೋಗಬೇಕಿತ್ತು, ಅಷ್ಟೇ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತ ಆಸ್ಪತ್ರೆಯಲ್ಲಿ ತಾಯಿ ಇಲ್ಲದೆ ಉಳಿದ ಎರಡು ವರ್ಷದ ಹುಡುಗಿಯನ್ನು ಚಿತ್ರೀಕರಿಸಿ ಡಾಕ್ಟರುಗಳಿಗೆ ತೋರಿಸಿದ. ಮಗು ಸುಮ್ಮನಿದೆ ಅಂದರೆ ಅದು ಸಮಾಧಾನವಾಗಿದೆ ಎಂದಲ್ಲ, ಕರೆದರೂ ಯಾರೂ ಬರುವುದಿಲ್ಲ ಎಂದು ಕೈಚೆಲ್ಲಿದೆ ಎಂಬುದು ಆ ಚಿತ್ರದಲ್ಲಿ ಕಂಡಿತು. 1959ರಲ್ಲಿ ಅಲ್ಲಿನ ಸರ್ಕಾರದ ಸಮಿತಿ, ತಾಯ್ತಂದೆಯರನ್ನು ಒಳಗೆ ಬಿಡಬೇಕು ಎಂದು ವರದಿ ಕೊಟ್ಟಿತು.

ಬಟ್ಟೆಯ ತಾಯಿ, ತಂತಿಯ ತಾಯಿ

1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ತನ್ನ ಕೋತಿ ಮರಿಗಳ ಪ್ರಯೋಗದ ವಿವರ ಪ್ರಕಟಿಸಿದ. ತಾಯಿಯಿಂದ ಬೇರೆ ಮಾಡಿದ ಮರಿಗಳಿಗೆ ಎರಡು ಗೊಂಬೆ ತಾಯಿ ಇಟ್ಟಿದ್ದ. ಒಂದು ಬರೀ ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದು ಮೆತ್ತನೆ ಬಟ್ಟೆ ಸುತ್ತಿದ್ದು, ಅದರಲ್ಲಿ ಹಾಲಿಲ್ಲ. ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ತಂತಿಯ ಹತ್ತಿರ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನು ಅವಚಿಕೊಂಡೇ ಇದ್ದವು. ಹೆದರಿಕೆ ಆದಾಗಲೂ ಓಡಿ ಬಂದದ್ದು ಬಟ್ಟೆಯ ಹತ್ತಿರಕ್ಕೆ.

ಆ ಪ್ರಯೋಗ ಕ್ರೂರವಾದದ್ದು. ಹಾಗೆ ಒಂಟಿಯಾಗಿ ಬೆಳೆದ ಕೋತಿಗಳು ಮುಂದೆ ಬೇರೆ ಕೋತಿಗಳ ಜೊತೆ ಬಾಳಲಾರದೆ ಹೋದವು. ಆದರೆ ಹಾಲು ಕೊಟ್ಟರೆ ಸಾಕು, ಪ್ರೀತಿ ತಾನಾಗಿ ಬರುತ್ತದೆ ಎನ್ನುತ್ತಿದ್ದವರ ಬಾಯಿ ಅಲ್ಲಿಗೆ ಕಟ್ಟಿತು.

ಕೋತಿಯ ಮಾತು ಮನುಷ್ಯರಿಗೆ ಹೊಂದುತ್ತದಾ ಎಂದು ಕೇಳಬಹುದು. 1989ರಲ್ಲಿ ರೊಮೇನಿಯಾ ದೇಶದ ಸರ್ವಾಧಿಕಾರಿ ಚೌಷೆಸ್ಕು ಬಿದ್ದ ಮೇಲೆ ಅಲ್ಲಿನ ಸರ್ಕಾರಿ ಅನಾಥಾಲಯಗಳ ಬಾಗಿಲು ತೆರೆಯಿತು. ಒಂದೊಂದು ಕೋಣೆಯಲ್ಲಿ ಸಾಲು ತೊಟ್ಟಿಲು, ಎತ್ತಿಕೊಳ್ಳುವವರಿಲ್ಲದೆ ತಮ್ಮನ್ನು ತಾವೇ ತೂಗಿಕೊಳ್ಳುವ ಮಕ್ಕಳು. 2000ದಿಂದ ಅಲ್ಲಿ 136 ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಅನಾಥಾಲಯದಿಂದ ಮನೆಗಳಿಗೆ ಹೋಗಿ, ಯಾರದೋ ಮಡಿಲು ಸಿಕ್ಕ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು ಚೇತರಿಸಿಕೊಂಡರು.

ಬಡ ಆಸ್ಪತ್ರೆ ಕಲಿಸಿದ ಪಾಠ

ಈ ಕಥೆಯಲ್ಲಿ ನಮಗೆ ತುಂಬ ಇಷ್ಟವಾದ ಭಾಗ ಇದು. ಏಕೆಂದರೆ ಇಲ್ಲಿ ದಾರಿ ತೋರಿಸಿದ್ದು ಶ್ರೀಮಂತ ದೇಶ ಅಲ್ಲ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾ. ಅಲ್ಲಿನ ಬಡವರ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ. ಒಂದೊಂದು ಪೆಟ್ಟಿಗೆಯಲ್ಲಿ ಎರಡು ಮೂರು ಕೂಸು. ಒಂದರ ಸೋಂಕು ಇನ್ನೊಂದಕ್ಕೆ. ತಾಯಂದಿರು ಕೂಸು ಬಿಟ್ಟು ಹೋಗುವುದೂ ಇತ್ತು. 1978ರಲ್ಲಿ ಡಾ. ಎಡ್ಗರ್ ರೇ ಒಂದು ಯೋಚನೆ ಮಾಡಿದರು. ಕಾಂಗರೂ ಮರಿ ಪೂರ್ತಿ ಬೆಳೆಯದೆ ಹುಟ್ಟಿ ತಾಯಿಯ ಚೀಲದಲ್ಲೇ ಬೆಳೆಯುತ್ತದಲ್ಲ, ಹಾಗೆ ಕೂಸನ್ನು ತಾಯಿಯ ಎದೆಗೇ ಕಟ್ಟಿದರೆ? ಮರುವರ್ಷ ಡಾ. ಹೆಕ್ಟರ್ ಮಾರ್ಟಿನೆಜ್ ಜೊತೆಯಾದರು.

ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ. ತಾಯಿಯ ಬರಿ ಎದೆಯ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಿಸಿ ಇಡುವುದು. ಉಸಿರಾಡಲು ತಲೆ ಒಂದು ಬದಿಗೆ. ಮೇಲೆ ಬಟ್ಟೆ ಕಟ್ಟುವುದು. ಎದೆ ಹಾಲು ಮಾತ್ರ. ಹಗಲೂ ರಾತ್ರಿ ಹೀಗೇ.

ಕೂಸು ಬೆಚ್ಚಗಾಯಿತು. ತಾಯಿಗೆ ಹಾಲು ಇಳಿಯಿತು. ಬಿಟ್ಟು ಹೋಗುವ ತಾಯಂದಿರು ಕಡಿಮೆಯಾದರು. ಮೊದಲು ಇದನ್ನು ಬಡವರ ಉಪಾಯ, ಯಂತ್ರ ಇಲ್ಲದವರಿಗೆ ಸಾಕು ಎಂದು ದೊಡ್ಡ ದೇಶಗಳವರು ನೋಡಿದರು. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮಾರ್ಗದರ್ಶಿ ಹೊರಡಿಸಿತು.

ಮುಖ್ಯ ಸಾಕ್ಷಿ ಬಂದದ್ದು ನಮ್ಮ ದೇಶ ಸೇರಿದ ಅಧ್ಯಯನಗಳಿಂದ. ಹರಿಯಾಣದ ಹಳ್ಳಿಗಳಲ್ಲಿ 8,402 ಕಡಿಮೆ ತೂಕದ ಕೂಸುಗಳ ಅಧ್ಯಯನ ನಡೆಯಿತು. ಮನೆಯಲ್ಲೇ ಎದೆಗೆ ಕಟ್ಟಿಕೊಳ್ಳುವುದನ್ನು ಕಲಿಸಿದ ಗುಂಪಿನಲ್ಲಿ ಮೊದಲ ತಿಂಗಳ ಸಾವು ಸುಮಾರು 30% ಕಡಿಮೆಯಾಯಿತು. ಇದು ಪ್ರಕಟವಾದದ್ದು 2019ರಲ್ಲಿ. ಆಮೇಲೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳು ಸೇರಿ 1ರಿಂದ 1.8 ಕೆಜಿ ತೂಕದ 3,211 ಕೂಸುಗಳ ಮೇಲೆ ಪರೀಕ್ಷೆ ಮಾಡಿದವು. ಕೂಸು ಪೂರ್ತಿ ಸುಧಾರಿಸಲಿ, ಆಮೇಲೆ ತಾಯಿಗೆ ಕೊಡೋಣ ಎಂದು ಕಾಯದೆ, ಹುಟ್ಟಿದ ತಕ್ಷಣವೇ ಎದೆಗೆ ಕೊಟ್ಟರೆ ಏನಾಗುತ್ತದೆ ಎಂಬುದು ಪ್ರಶ್ನೆ. ಕಾಯ್ದ ಗುಂಪಿನಲ್ಲಿ ನೂರಕ್ಕೆ ಸುಮಾರು 16 ಕೂಸು ತೀರಿಕೊಂಡರೆ, ತಕ್ಷಣ ಕೊಟ್ಟ ಗುಂಪಿನಲ್ಲಿ 12. ಲಾಭ ಇಷ್ಟು ಸ್ಪಷ್ಟವಾಗಿದ್ದರಿಂದ ಪರೀಕ್ಷೆಯನ್ನು ಮೊದಲೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ನಿಯಮ ಬದಲಿಸಿ, ಮೊದಲು ಎದೆ, ಆಮೇಲೆ ಉಳಿದದ್ದು ಎಂದಿತು. ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಪ್ರಯತ್ನ ನಡೆದದ್ದು ಕೊಪ್ಪಳ ಜಿಲ್ಲೆಯಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಸರ್ಕಾರದ ಆರೋಗ್ಯ ಇಲಾಖೆ ಸೇರಿ ಆಸ್ಪತ್ರೆಗಳಲ್ಲಿ ತಾಯಂದಿರು ಕೂಸು ಕಟ್ಟಿಕೊಂಡು ಕೂರುವ, ಮಲಗುವ ವ್ಯವಸ್ಥೆ ಮಾಡಿದವು. ತಾಯಿಗೆ ಸುಸ್ತಾದರೆ ಅಜ್ಜಿ, ಅಪ್ಪ ಕಟ್ಟಿಕೊಳ್ಳಬಹುದು. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ ಬಂದು ನೋಡುತ್ತಾರೆ. ಕೊಪ್ಪಳವೂ ಸೇರಿದಂತೆ ಭಾರತದ ಮೂರು ರಾಜ್ಯ ಮತ್ತು ಇಥಿಯೋಪಿಯಾದ ಈ ಕೆಲಸದಲ್ಲಿ 2 ಕೆಜಿಗಿಂತ ಕಡಿಮೆ ತೂಕದ ಕೂಸುಗಳ ಪೈಕಿ ಅರ್ಧಕ್ಕೂ ಹೆಚ್ಚು ಕೂಸುಗಳಿಗೆ ಈ ಆರೈಕೆ ತಲುಪಿಸಬಹುದು ಎಂದು ತೋರಿಸಿದರು. ಕೊಪ್ಪಳದಲ್ಲಿ ಆದದ್ದು ಮೈಸೂರು ಜಿಲ್ಲೆಯಲ್ಲಿ ಆಗುವುದಿಲ್ಲ ಎನ್ನಲು ಕಾರಣವೇ ಇಲ್ಲ.

ಚರ್ಮದ ಒಳಗೆ ನಡೆಯುವುದು

ಮುಟ್ಟಿದರೆ ಒಳಗೆ ಏನಾಗುತ್ತದೆ? ತಾಯಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಚುರುಕಾಗುವ ಇಂದ್ರಿಯ ಸ್ಪರ್ಶ. ಕಣ್ಣು, ಕಿವಿ ಎಲ್ಲ ಆಮೇಲೆ.

ನಮ್ಮ ಚರ್ಮದಲ್ಲಿ ನೋವು, ಬಿಸಿ, ಒತ್ತಡ ತಿಳಿಸುವ ನರಗಳ ಜೊತೆ ಇನ್ನೊಂದು ಬಗೆಯ ಸಣ್ಣ ನರಗಳಿವೆ. ಕೂದಲಿರುವ ಚರ್ಮದಲ್ಲಿ, ಅಂದರೆ ತೋಳು, ಬೆನ್ನು, ತಲೆಯಲ್ಲಿ ಇರುತ್ತವೆ. ಸ್ವೀಡನ್ ದೇಶದ ಸಂಶೋಧಕರು ಇವನ್ನು ಮನುಷ್ಯರಲ್ಲಿ ಗುರುತಿಸಿ ಅಳೆದರು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈ ಬಿಸಿಯ ಕೈಯಿಂದ ಮೆಲ್ಲಗೆ ಸವರಿದಾಗ ಇವು ಚೆನ್ನಾಗಿ ಮಿಡಿಯುತ್ತವೆ. ಬೇಗ ಉಜ್ಜಿದರೆ ಇಲ್ಲ, ತಣ್ಣನೆ ವಸ್ತುವಿನಿಂದ ಸವರಿದರೆ ಅಷ್ಟಿಲ್ಲ. ಅಜ್ಜಿ ಮೊಮ್ಮಗುವಿನ ತಲೆ ನೇವರಿಸುವಾಗ ಕೈ ಎಷ್ಟು ನಿಧಾನ ಹೋಗುತ್ತದೆ, ಒಂದು ಸಲ ಗಮನಿಸಿ ನೋಡಿ.

ಇಂಥ ಸ್ಪರ್ಶದಿಂದ ಆಕ್ಸಿಟೋಸಿನ್ ಎಂಬ ರಸ ಮೈಯಲ್ಲಿ ಹೆಚ್ಚುತ್ತದೆ. ಹೆರಿಗೆಯಲ್ಲಿ ಗರ್ಭಕೋಶ ಬಿಗಿಯುವುದು, ಎದೆಯಲ್ಲಿ ಹಾಲು ಇಳಿಯುವುದು ಇದರಿಂದಲೇ. ಮನಸ್ಸಿನ ದಿಗಿಲು ಇಳಿಸುವುದರಲ್ಲೂ ಇದರ ಪಾತ್ರ ಇದೆ.

ನಮ್ಮ ಎಣ್ಣೆ ನೀರೂ ಪರೀಕ್ಷೆಗೆ ಒಳಗಾಗಿದೆ. 1970ರ ದಶಕದಲ್ಲಿ ಫ್ರಾನ್ಸಿನ ಡಾಕ್ಟರ್ ಫ್ರೆಡರಿಕ್ ಲೆಬೊಯೆ ಕೋಲ್ಕತ್ತಾದ ಬಡ ಬಡಾವಣೆಯೊಂದರಲ್ಲಿ ತಾಯಿ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ತಿಕ್ಕುವುದನ್ನು ನೋಡಿ ಬೆರಗಾಗಿ, ಆ ತಾಯಿಯ ಹೆಸರಿನಲ್ಲೇ 'ಶಾಂತಲಾ' ಎಂಬ ಪುಸ್ತಕ ಮಾಡಿದರು. 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ದಿನ ತುಂಬದ ಕೂಸುಗಳಿಗೆ ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷ ಮೈ ನೀವಿಸಿ ನೋಡಿದರು. ಅಷ್ಟೇ ಹಾಲು ಕುಡಿದರೂ ಆ ಕೂಸುಗಳ ತೂಕ ದಿನಕ್ಕೆ 47% ಹೆಚ್ಚು ಏರಿತು. ಸುಮಾರು ಆರು ದಿನ ಮುಂಚೆ ಮನೆಗೆ ಹೋದವು.

ಮುಟ್ಟಬಾರದು ಎಂದವರ ಕೈ

ಈಗ ಕಹಿ ಮಾತು.

ಮುಂಚೆ ನಮ್ಮ ಊರುಗಳಲ್ಲಿ ಕೂಸನ್ನು ಮೊಟ್ಟಮೊದಲು ಮುಟ್ಟುತ್ತಿದ್ದದ್ದು ತಾಯಿಯಲ್ಲ, ಸೂಲಗಿತ್ತಿ. ತಲೆ ಹಿಡಿದು ಈಚೆ ತಂದು, ಹೊಕ್ಕುಳಬಳ್ಳಿ ಕತ್ತರಿಸಿ, ಬಾಯಿ ಒರೆಸಿ, ಬೆನ್ನು ತಟ್ಟಿ ಅಳಿಸಿ, ಆಮೇಲೆ ತಾಯಿಗೆ ಕೊಡುತ್ತಿದ್ದವಳು ಅವಳು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಹೀಗೆ 15,000ಕ್ಕೂ ಹೆಚ್ಚು ಹೆರಿಗೆಯನ್ನು ಕಾಸು ಕೇಳದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರಂಥ ಎಷ್ಟೋ ಜನ ಹೆಸರಿಲ್ಲದೆ ಹೋದರು.

ಅನೇಕ ಊರುಗಳಲ್ಲಿ ಈ ಕೆಲಸ ಬಂದದ್ದು ದಲಿತ ಹೆಂಗಸರ, ಇಲ್ಲವೇ ಕೀಳು ಎಂದು ಕರೆಸಿಕೊಂಡ ಜಾತಿಯ ಹೆಂಗಸರ ಪಾಲಿಗೆ. ಕಾರಣ ಗೊತ್ತಿರುವುದೇ. ಹೆರಿಗೆಯ ರಕ್ತ ಮೈಲಿಗೆ. ಮೈಲಿಗೆಯ ಕೆಲಸ ಮೈಲಿಗೆ ಎನ್ನಿಸಿಕೊಂಡವರಿಗೆ. ಹೆರಿಗೆ ಹೊತ್ತಿಗೆ ಅವಳು ನಡುಮನೆ ದಾಟಿ ಒಳಕೋಣೆಗೆ ಬರಬೇಕು, ಬಾಣಂತಿಯ ಮೈ ಮುಟ್ಟಬೇಕು, ಕೂಸಿನ ಮೈ ತೊಳೆಯಬೇಕು. ಹನ್ನೊಂದು ದಿನ ಕಳೆದು ಮನೆ ಸಾರಿಸಿ ಶುದ್ಧ ಮಾಡಿದ ಮೇಲೆ ಅವಳು ಜಗಲಿಯ ಕೆಳಗೆ ನಿಲ್ಲಬೇಕು. ಅವಳ ಕೈಯಲ್ಲೇ ಹುಟ್ಟಿದ ಹುಡುಗ ದೊಡ್ಡವನಾದ ಮೇಲೆ ಅವಳಿಗೆ ಎತ್ತರದಿಂದ ನೀರು ಹುಯ್ಯುತ್ತಾನೆ.

ಇದು ಬೇರೆ ಯಾರದೋ ಕಥೆಯಲ್ಲ. ನಮ್ಮ ನಾಲ್ಕೂ ತಾಲೂಕಿನಲ್ಲಿ ಇಂಥ ನೆನಪು ಇರುವ ಹಿರಿಯರು ಇನ್ನೂ ಇದ್ದಾರೆ. ಆ ಜಗಲಿಯ ಮೇಲಿದ್ದವರೂ ಇದ್ದಾರೆ, ಕೆಳಗಿದ್ದವರೂ ಇದ್ದಾರೆ. ನಮ್ಮ ಗುಂಪಿನಲ್ಲೂ ಎರಡೂ ಕಡೆಯ ಮನೆಗಳಿಂದ ಬಂದವರು ಇದ್ದೇವೆ. ಈ ಭಾಗ ಬರೆಯುವಾಗ ನಾವು ಬಹಳ ಹೊತ್ತು ಮಾತಾಡಿಕೊಂಡೆವು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅದರ ಆಚರಣೆ ಅಪರಾಧ ಎಂದು 1955ರಲ್ಲಿ ಕಾನೂನು ಬಂತು. ಸ್ಪೃಶ್ಯ ಎಂಬ ಪದದ ಅರ್ಥವೇ ಮುಟ್ಟಬಹುದಾದದ್ದು. ಮುಟ್ಟುವ ವಿಷಯಕ್ಕೆ ಸಂವಿಧಾನದಲ್ಲಿ ಒಂದು ವಿಧಿಯನ್ನೇ ಬರೆಯಬೇಕಾಯಿತು ಎಂದರೆ ಗಾಯ ಎಷ್ಟು ಆಳ ಇತ್ತು ಯೋಚಿಸಿ. ಮುಟ್ಟದೇ ಇದ್ದರೆ ಕೂಸು ಸೊರಗುತ್ತದೆ ಎಂದು ಗೊತ್ತಿದ್ದ ಊರುಗಳು, ಮುಟ್ಟದೇ ಇದ್ದರೆ ಮನುಷ್ಯ ಏನಾಗುತ್ತಾನೆ ಎಂದು ಕೇಳಿಕೊಳ್ಳಲಿಲ್ಲ. ಲೋಟ ಬೇರೆ ಇಡುವ ಕಡೆ ಇವತ್ತೂ ಕೇಳಿಕೊಳ್ಳುತ್ತಿಲ್ಲ.

ಈಗ ನಮ್ಮೂರಲ್ಲಿ

2005ರಿಂದ ಜನನಿ ಸುರಕ್ಷಾ ಯೋಜನೆ ಬಂದು, ಆಶಾ ಕಾರ್ಯಕರ್ತೆಯರು ಬಂದು, ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ಒಳ್ಳೆಯದೇ ಆಯಿತು. ಅದರ ಜೊತೆ ಮುಟ್ಟಿ ಸಾಕುವ ರೂಢಿ ಮನೆಯಲ್ಲೇ ಉಳಿದುಹೋಗಬಾರದು, ಅಷ್ಟೇ ನಮ್ಮ ಮಾತು.

ಹುಟ್ಟಿದ ಕೂಸಿನ ತೂಕ 2.5 ಕೆಜಿಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕ. ಆಗ ಡಾಕ್ಟರನ್ನು, ನರ್ಸನ್ನು ಕೇಳಿ: ಕಾಂಗರೂ ಆರೈಕೆ ಮಾಡಬಹುದಾ, ಹೇಗೆ ಕಟ್ಟಿಕೊಳ್ಳಬೇಕು, ತೋರಿಸಿಕೊಡಿ ಎನ್ನಿ. ಕೇಂದ್ರ ಸರ್ಕಾರವೇ 2014ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಕೇಳುವುದು ನಿಮ್ಮ ಹಕ್ಕು. ಮನೆಗೆ ಬಂದ ಮೇಲೆ ಆಶಾ ಅಕ್ಕ 42 ದಿನದೊಳಗೆ ಆರು ಸಲ ಬಂದು ನೋಡಬೇಕು, ಅವರನ್ನೂ ಕೇಳಿ. ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಓಡಿ. ಆಸ್ಪತ್ರೆಗೆ ಬದಲಾಗಿ ಇದಲ್ಲ, ಆಸ್ಪತ್ರೆಯ ಜೊತೆಗೆ ಇದು.

ಅಪ್ಪಂದಿರೇ, ನಿಮ್ಮ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಊರವರು ನಗುತ್ತಾರೆ ಎಂದು ಸಂಕೋಚ ಬೇಡ. ಎರಡು ದಿನ ನಗುತ್ತಾರೆ, ಮೂರನೇ ದಿನ ಅವರ ಮನೆಯಲ್ಲೂ ಕೇಳುತ್ತಾರೆ.

ಹೊಗೆಸೊಪ್ಪಿನ ಕೆಲಸ ಮಾಡುವವರು ಆ ಅಜ್ಜಿ ಮಾಡಿದ್ದನ್ನೇ ಮಾಡಿ. ಹಸಿ ಎಲೆಯ, ಅದರಲ್ಲೂ ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಎಲೆ ಮುರಿದ ದಿನ ತಲೆ ಸುತ್ತು, ವಾಂತಿ ಬರುವುದು ಅದಕ್ಕೇ. ಕೈ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಕೂಸು ಎತ್ತಿಕೊಳ್ಳಿ.

ಇನ್ನೊಂದು ಮಾತು ಸರ್ಕಾರಕ್ಕೆ. ಎದೆಗವಚಿ ಕೂರಲು ಹೊತ್ತು ಬೇಕು. ನೌಕರಿಯ ಹೆಂಗಸಿಗೆ 2017ರಿಂದ 26 ವಾರ ಸಂಬಳದ ರಜೆ ಇದೆ. ಬ್ಯಾರನ್ ಕೂಲಿಗೆ, ನಾಟಿ ಕೂಲಿಗೆ ಹೋಗುವವಳಿಗೆ ಎಲ್ಲಿದೆ? ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ. ಅದು ಎಷ್ಟು ದಿನದ ಕೂಲಿಗೆ ಸಮ ಎಂದು ನೀವೇ ಲೆಕ್ಕ ಹಾಕಿ. 2023ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಘೋಷಿಸಿದ 'ಕೂಸಿನ ಮನೆ' ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ನಡೆಯುತ್ತಿದೆಯಾ, ಅಲ್ಲಿ ಮಕ್ಕಳನ್ನು ಎತ್ತಿಕೊಳ್ಳುವವರು ಇದ್ದಾರಾ ಎಂದು ಗ್ರಾಮಸಭೆಯಲ್ಲಿ ಕೇಳಿ.

ಮಕ್ಕಳು ದೊಡ್ಡವರಾದಂತೆ ಇನ್ನೊಂದು ಎಚ್ಚರ. ಎಲ್ಲ ಮುಟ್ಟುವಿಕೆಯೂ ಅಕ್ಕರೆಯದಲ್ಲ. ಬೇಡ ಎನ್ನುವ ಮಗುವನ್ನು, ನೆಂಟರೇ ಆದರೂ, ಬಲವಂತಕ್ಕೆ ತಬ್ಬಿಕೊಳ್ಳಲು ಬಿಡಬೇಡಿ. ಕೆಟ್ಟ ಮುಟ್ಟುವಿಕೆಗೆ 2012ರ ಪೋಕ್ಸೋ ಕಾನೂನು ಇದೆ, ಮಕ್ಕಳ ಸಹಾಯವಾಣಿ 1098 ಇದೆ. 

ಕೊನೆಗೆ, ಮನೆಯ ಹಿರಿಯರು. ನಮ್ಮನ್ನೆಲ್ಲ ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿದವರು ಈಗ ಪಡಸಾಲೆಯ ಮೂಲೆಯಲ್ಲಿ ಇದ್ದಾರೆ. ಊಟದ ತಟ್ಟೆ, ಮಾತ್ರೆ, ಟಿವಿ ಎಲ್ಲ ಕೊಟ್ಟಿದ್ದೇವೆ. ಆದರೆ ಅವರ ಮೈ ಮುಟ್ಟಿ ಎಷ್ಟು ದಿನವಾಯಿತು? ಕೋವಿಡ್ ಕಾಲದಲ್ಲಿ ದೂರ ಕೂತದ್ದು ಅಭ್ಯಾಸವಾಗಿ ಹಾಗೇ ಉಳಿದ ಮನೆಗಳೂ ಇವೆ.

ಹೊರಡುವಾಗ ಆ ಬ್ಯಾರನ್ ಅಜ್ಜಿಗೆ 'ಬತ್ತೀವಿ ಅಜ್ಜಿ' ಅಂದೆವು. ಕೂಸು ಇನ್ನೂ ಎದೆಯ ಮೇಲೆ ಮಲಗಿತ್ತು. ಅಜ್ಜಿ ಇನ್ನೊಂದು ಕೈ ನೀಡಿ ನಮ್ಮಲ್ಲಿ ಒಬ್ಬಳ ಕೆನ್ನೆ ಸವರಿ ನೆಟಿಗೆ ಮುರಿದರು. ಬಸ್ಸಿನಲ್ಲಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹುಣಸೂರು ಸ್ಟ್ಯಾಂಡ್ ಬಂದಾಗ, 'ನಮ್ಮಜ್ಜಿ ಹೋದ್ಮೇಲೆ ಯಾರೂ ಹಿಂಗ್ ಮಾಡಿರ್ಲಿಲ್ಲ' ಅಂದಳು.

ಇದನ್ನು ಓದಿ ಮುಗಿಸಿ ಫೋನ್ ಕೆಳಗಿಟ್ಟ ಮೇಲೆ, ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಪಕ್ಕ ಹೋಗಿ ಕೂತು ಕಾಲು ಒತ್ತಿ. ಅವರಿಗೂ ಮೈ ಬೇಕಾಗಿರುತ್ತದೆ.